ಕಂಪನಿಯ ದುಃಖ

ಜೂನ್ ೧೮

ಮಗಳಿಗೆ ಅಪ್ಪನ ಆಶೀರ್ವಾದ.

ಮೊದಲು 'ನಾವು ಕ್ಷೇಮ' ಅಂತ ಬರೆಯಿರಿ ಎಂದು ನಿಮ್ಮಮ್ಮ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಾಳೆ. ನಿನ್ನ ಕಂಪನಿಯ ವಿಮಾನ ಕೆರೆಗೆ ಬಿದ್ದ ದಿನದಿಂದ ಈ ಮನೆಯಲ್ಲಿ ಯಾರೂ ಕ್ಷೇಮವಾಗಿಲ್ಲ. ಅವಳು ಒಲೆ ಮೇಲಿಟ್ಟ ಹಾಲನ್ನು ಮರೆಯುತ್ತಾಳೆ, ನಾನು ಗಿರಾಕಿಗಳ ಮೇಲೆ ರೇಗುತ್ತೇನೆ. ಇದಕ್ಕೆ ಕ್ಷೇಮ ಅನ್ನುವುದಾದರೆ ಕ್ಷೇಮ.

ಫೋನು ಮಾಡಿದರೆ "ಅಪ್ಪಾ, ಇದು ಕಂಪನಿ ಫೋನು, ಇದರಲ್ಲಿ ಮನೆ ಮಾತು ಬೇಡ" ಎಂದು ಇಟ್ಟುಬಿಟ್ಟೆ. ನಿನ್ನ ಸ್ವಂತ ಫೋನು ತನಿಖೆಯವರ ಹತ್ತಿರ ಇದೆಯಂತೆ. ಅದಕ್ಕೇ ಈ ಕಾಗದ. ಶಾಲೆಯನ್ನು ಅರ್ಧಕ್ಕೇ ಬಿಟ್ಟವನ ಅಕ್ಷರ, ಸೊಟ್ಟಗಿದ್ದರೆ ತಲೆ ಓರೆ ಮಾಡಿ ಓದಿಕೋ. ಫೋನಿಗಿಂತ ಇದೇ ವಾಸಿ. ಸಿಟ್ಟು ಬಂದರೆ ಇಬ್ಬರಿಗೂ ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ.

ನಿನ್ನನ್ನು ಅಂಗಡಿಯ ಟೀವಿಯಲ್ಲಿ ನೋಡಿದೆ. ಕ್ಷೌರದ ಕುರ್ಚಿಯಲ್ಲಿ ಮೇಷ್ಟ್ರು ಇದ್ದರು, ಅರ್ಧ ಮುಖ ನೊರೆ. ಬೆಂಚಿನ ಮೇಲೆ ಎದುರು ಸೈಕಲ್ ಅಂಗಡಿಯವನು, ಅದೇ ನಾವೆಲ್ಲ ಪಂಕ್ಚರ್ ಅನ್ನುತ್ತೇವಲ್ಲ, ಅವನು. ನಿನ್ನ ಬಾಯಿಯ ಮುಂದೆ ಅಷ್ಟೊಂದು ಮೈಕು, ಕೈಯಲ್ಲಿ ಕಾಗದ. "ಈ ಹಂತದಲ್ಲಿ ಏನನ್ನೂ ಹೇಳಲಾಗದು" ಎಂದೆ. ಇನ್ನೊಬ್ಬ ಬೇರೆ ಏನೋ ಕೇಳಿದ, ಅವನಿಗೂ ಅದನ್ನೇ ಅಂದೆ. ಒಬ್ಬ ಹೆಂಗಸು ಅಳುತ್ತಾ ಕೇಳಿದಳು, ಅವಳಿಗೂ ಅದನ್ನೇ ಅಂದೆ.

"ಏನ್ರೀ ಯಜಮಾನ್ರೇ, ನಿಮ್ಮ ಮಗಳಿಗೆ ಏನೂ ಹೇಳದೇ ಇರೋಕೆ ಸಂಬಳ ಕೊಡ್ತಾರಾ?" ಎಂದ ಪಂಕ್ಚರ್. "ನಂಗೆ ಕೊಟ್ರೆ ನಾನೂ ಸುಮ್ನಿರ್ತೀನಪ್ಪ."

"ನೀನು ಸುಮ್ನಿರ್ತೀಯ ಅಂದ್ರೆ ಬೀದಿಯವರೆಲ್ಲ ಚಂದಾ ಎತ್ತಿ ಕೊಡ್ತೀವಿ. ಮುಚ್ಚು ಬಾಯಿ."

"ಕೈಯಲ್ಲಿ ಕತ್ತಿ ಇದೆ, ನೋಡ್ಕೊಂಡು ಬೈಯಿರಿ" ಎಂದರು ಮೇಷ್ಟ್ರು. ಆಗಲೇ ಅವರ ದವಡೆಗೆ ಗೀರು ಬಿದ್ದಿತ್ತು.

ಒಂದು ಮಾತು ಕೇಳುತ್ತೇನೆ. ಕೊನೆಗೆ ಕಾಗದ ನೋಡಿಕೊಂಡು 'ಕುಟುಂಬದವರ ದುಃಖದಲ್ಲಿ ಕಂಪನಿ ಭಾಗಿಯಾಗಿದೆ' ಅಂದೆಯಲ್ಲ, ಕಂಪನಿಗೆ ದುಃಖ ಎಲ್ಲಿಂದ ಬರುತ್ತದೆ? ಅದಕ್ಕೇನು ಕಣ್ಣಿದೆಯಾ, ಗಂಟಲು ಕಟ್ಟುತ್ತದೆಯಾ? ದುಃಖ ನಿನಗಾಗಿದ್ದರೆ 'ನನಗಾಗಿದೆ' ಅನ್ನು. ಆಗಿಲ್ಲದಿದ್ದರೆ ಸುಮ್ಮನಿರು.

ಊಟ ಮಾಡುತ್ತಿದ್ದೀಯಾ ಎಂದು ಕೇಳಬೇಕಂತೆ. ಕೇಳಿದ್ದೇನೆ.

ನಿನ್ನ ಅಪ್ಪ

*

ಜೂನ್ ೨೪

ಅಪ್ಪನಿಗೆ ನಮಸ್ಕಾರ.

ಊಟ ಮಾಡುತ್ತಿದ್ದೇನೆ. ನಿಂತುಕೊಂಡು.

ಬೈಯುವ ಮೊದಲು ಕಂಪನಿಯ ವಕ್ತಾರೆಯಾಗಿ ನನ್ನ ಕೆಲಸ ಏನೆಂದು ತಿಳಿದುಕೊಳ್ಳಿ. ವಿಮಾನ ಬಿದ್ದ ದಿನ ಒಂದು ಚಾನೆಲ್‌ನವರು ಎಲ್ಲಿಂದಲೋ ಹೆಸರುಗಳನ್ನು ತಂದು ಪರದೆ ಮೇಲೆ ಓಡಿಸಿದರು. ಅದರಲ್ಲಿ ಒಬ್ಬ ಆ ವಿಮಾನ ಹತ್ತಿಯೇ ಇರಲಿಲ್ಲ, ತಡವಾಗಿ ಬಂದು ವಾಪಸ್ ಹೋಗಿದ್ದ. ಅವನ ತಾಯಿ ಟೀವಿ ನೋಡಿ ಕುಸಿದು ಬಿದ್ದರು. ಮಗ ಮನೆಗೆ ಬಂದಾಗ ಅಮ್ಮ ಆಸ್ಪತ್ರೆಯಲ್ಲಿ. ಅದಕ್ಕೇ ನಮ್ಮಲ್ಲಿ ನಿಯಮ: ಮೊದಲು ಮನೆಯವರಿಗೆ, ಆಮೇಲೆ ಊರಿಗೆ. ಎಲ್ಲರಿಗೂ ತಿಳಿಸಿ ಮುಗಿಯುವವರೆಗೆ ನಾನು 'ಏನನ್ನೂ ಹೇಳಲಾಗದು' ಎನ್ನುತ್ತಲೇ ಇರಬೇಕು. ಪಂಕ್ಚರ್ ಮಾಮನಿಗೆ ಹೇಳಿ, ಸಂಬಳ ಕೊಡುವುದು ಅದಕ್ಕೇ.

ಆದರೆ ಒಂದು ವಿಷಯ ನನ್ನನ್ನು ಕೂರಲು ಬಿಡುತ್ತಿಲ್ಲ. ಸತ್ತವರಲ್ಲಿ ವಿಮಾನ ಹಾರಿಸುತ್ತಿದ್ದ ಕ್ಯಾಪ್ಟನ್ ಕೂಡ ಒಬ್ಬರು. ಅವರ ಹೆಂಡತಿ ದಿನಾ ಬಂದು ನಮ್ಮ ಕಟ್ಟಡದ ಕೆಳಗೆ ಸೋಫಾದ ತುದಿಯಲ್ಲಿ ಕೂರುತ್ತಾರೆ. ಪರಿಹಾರದ ಮಾತೆತ್ತಿಲ್ಲ, ಕೂಗಾಡಿಲ್ಲ. ಕೇಳುವುದು ಒಂದೇ ಪ್ರಶ್ನೆ. "ನಮ್ಮನೆಯೋರು ಆವತ್ತು ಹಾರಿಸಲ್ಲ ಅಂತ ರಜ ಕೇಳಿದ್ರಾ?" ನಾನು ಲಿಫ್ಟಿನಿಂದ ಇಳಿದ ಕೂಡಲೇ ಎದ್ದು ನಿಲ್ಲುತ್ತಾರೆ. ಈಗೀಗ ನಾನು ಮೆಟ್ಟಿಲಿಳಿದು ಹಿಂಬಾಗಿಲಿನಿಂದ ಹೋಗುತ್ತಿದ್ದೇನೆ.

ಉತ್ತರ ನನಗೆ ಗೊತ್ತಿದೆ. ಹೇಳುವ ಹಾಗಿಲ್ಲ.

ಅಪ್ಪಾ, ಯಾರಾದರೂ ಬಂದು ನನ್ನ ಬಗ್ಗೆ, ವಿಮಾನದ ಬಗ್ಗೆ ಕೇಳಿದರೆ ಏನೂ ಹೇಳಬೇಡಿ. ನಿಮಗೆ ಅದು ಕಷ್ಟ ಎಂದು ಗೊತ್ತು. ಆದರೂ ಹೇಳಬೇಡಿ.

ನಿಮ್ಮ ಮಗಳು

*

ಜುಲೈ ೩

ಮಗಳಿಗೆ,

ಆ ತಾಯಿಯ ಕಥೆ ಓದಿ ನಿಮ್ಮಮ್ಮ ಅತ್ತಳು. ಆ ಮಟ್ಟಿಗೆ ನೀನು ಮಾಡಿದ್ದು ಸರಿ. ಒಪ್ಪಿದೆ. ನಾನು ಒಪ್ಪುವುದು ಅಪರೂಪ, ಬರೆದಿಟ್ಟುಕೋ.

ಆದರೆ ನಿನ್ನೆ ಟೀವಿಯಲ್ಲಿ ಇನ್ನೊಂದು ನೋಡಿದೆ. ಕೆರೆಯಿಂದ ಮೇಲೆದ್ದು ನಿಂತಿರುವ ವಿಮಾನದ ಬಾಲ, ಅದಕ್ಕೆ ಏಣಿ ಹಾಕಿಕೊಂಡು ಇಬ್ಬರು ಬಿಳಿ ಬಣ್ಣ ಬಳಿಯುತ್ತಿದ್ದರು. ನಿಮ್ಮ ಕಂಪನಿಯ ಗುರುತು ಕಾಣಬಾರದು ಅಂತ. ನೀರಿನಲ್ಲಿ ಇನ್ನೂ ಹುಡುಕುವ ದೋಣಿಗಳು ಓಡಾಡುತ್ತಿವೆ, ಇವರು ಸುಣ್ಣ ಹೊಡೆಯುತ್ತಿದ್ದಾರೆ! ಅಂಗಡಿಯಲ್ಲಿ ಯಾರೂ ನಗಲಿಲ್ಲ. ಪಂಕ್ಚರ್ ಕೂಡ. ಎಲ್ಲ ಕಡೆ ಹೀಗೇ ಮಾಡುತ್ತಾರೆ ಎಂದು ನೀನು ಹೇಳುತ್ತೀಯ. ಎಲ್ಲ ಕಡೆ ಮಾಡಿದರೆ ಅದು ಚೆನ್ನಾಗಿ ಕಾಣುತ್ತದಾ?

ಅದರ ಹಿಂದೆಯೇ ನೀನು ಬಂದೆ. "ಮಾನವ ಲೋಪದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ" ಎಂದೆ. ಇಷ್ಟು ದಿನ ಏನೂ ಹೇಳದವಳು, ಮೊದಲ ಸಲ ಹೇಳಿದ್ದು ಇದು. ನೀನು ಪರದೆಯಿಂದ ಮಾಯವಾಗುವ ಮೊದಲೇ ಬೆಂಚಿನಲ್ಲಿ ತೀರ್ಪು ಆಗಿಹೋಯಿತು.

"ಅಂದ್ರೆ ಪೈಲಟ್‌ದೇ ತಪ್ಪು."

"ಕುಡಿದಿದ್ದ ಕಣ್ರೀ, ಮತ್ತೇನು."

"ಸತ್ತೋನು ಬಂದು ಇಲ್ಲ ಅನ್ನಲ್ಲ. ಹೊರಿಸೋಕೆ ಅವನೇ ವಾಸಿ" ಎಂದರು ಮೇಷ್ಟ್ರು.

ಮೇಷ್ಟ್ರ ಮಾತು ನನ್ನನ್ನು ಹಿಡಿದುಕೊಂಡಿತು. ಕತ್ತರಿ ಕೆಳಗಿಟ್ಟು ಬೀದಿಗೆ ಬಂದೆ, ಮೂಲೆಯವರೆಗೆ ಹೋದೆ, ವಾಪಸ್ ಬಂದೆ. ಗಿರಾಕಿ ಅರ್ಧ ತಲೆ ಇಟ್ಟುಕೊಂಡು ಕನ್ನಡಿ ನೋಡುತ್ತಾ ಕೂತಿದ್ದ.

ಮಗಳೇ, ನಿನ್ನ ಕಾಗದ ಮತ್ತೆ ಓದಿದೆ. ಆಕೆ ಕೇಳುತ್ತಿರುವುದಕ್ಕೆ ಉತ್ತರ 'ಇಲ್ಲ' ಅಂತಾಗಿದ್ದರೆ ನೀನು ಅವತ್ತೇ ಹೇಳಿಬಿಡುತ್ತಿದ್ದೆ. 'ಇಲ್ಲಮ್ಮ, ಕೇಳಿರಲಿಲ್ಲ' ಅನ್ನಲು ಯಾವ ಕಂಪನಿಯ ಅಪ್ಪಣೆ ಬೇಕು? ಅದು ಅವರಿಗೆ ಲಾಭದ ಮಾತು. ಮೈಕಿನಲ್ಲೇ ಹೇಳಿಸುತ್ತಿದ್ದರು. ಹೇಳುವ ಹಾಗಿಲ್ಲ ಅಂದರೆ 'ಹೌದು' ಅಂತಲೇ. ಆ ಮನುಷ್ಯ ಬರಲ್ಲ ಅಂದಿದ್ದ, ನಿಮ್ಮವರು ಕೂರಿಸಿ ಕಳಿಸಿದ್ದಾರೆ. ಈಗ ಅವನ ತಲೆಗೇ ಕಟ್ಟುತ್ತಿದ್ದೀರಿ.

ಹಿಂಬಾಗಿಲಿನಿಂದ ಓಡಾಡುವುದನ್ನು ಬಿಡು. ಲಿಫ್ಟಿನಲ್ಲಿ ಇಳಿ. ಆಕೆಯ ಪಕ್ಕ ಕೂತು ಹೇಳು.

ಅಪ್ಪ

*

ಜುಲೈ ೧೭

ಅಪ್ಪಾ,

ಏನು ಮಾಡಿದಿರಿ ನೀವು?

ಪತ್ರಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ. ನೋಡಿಲ್ಲದಿದ್ದರೆ ನೋಡಿ. 'ಪೈಲಟ್ ರಜೆ ಕೇಳಿದ್ದರು: ವಕ್ತಾರೆಯ ತಂದೆ.' ನಿಮ್ಮ ಫೋಟೋ, ಕೈಯಲ್ಲಿ ಬಾಚಣಿಗೆ. ಒಂದೇ ಒಂದು ಮಾತು ಕೇಳಿಕೊಂಡಿದ್ದೆ ನಿಮ್ಮನ್ನು.

ಬೆಳಿಗ್ಗೆ ನನ್ನನ್ನು ಮೇಲಿನ ಕೋಣೆಗೆ ಕರೆದರು. ವಿಮಾನ ಬಿದ್ದ ದಿನ ನಾವೆಲ್ಲ ಸೇರಿದ್ದ ಅದೇ ಕೋಣೆ. ನಮ್ಮ ಮುಖ್ಯಸ್ಥರು ಪತ್ರಿಕೆಯನ್ನು ಮೇಜಿನ ಮೇಲೆ ಹಾಕಿ, "ಕೆರೆಯದನ್ನ ಹೇಗೋ ನಿಭಾಯಿಸ್ತಿದ್ವಿ. ಈಗ ನಿಮ್ಮಪ್ಪ ಇನ್ನೊಂದು ಅಪಘಾತ" ಎಂದರು. ಯಾರೋ ನಕ್ಕರು. "ಇದನ್ನ ಅವರಿಗೆ ಹೇಳಿದ್ದು ಯಾರು?" ಎಂದು ಕೇಳಿದರು. ನಾನು ಹೇಳಿಲ್ಲ ಎಂದೆ. ಅದು ನಿಜವೇ. ನೀವು ನನ್ನ ಮೌನವನ್ನು ಓದಿ ಹೇಳಿದಿರಿ. ಹಾಗೆಂದು ವಿವರಿಸಲು ಆಗುತ್ತದಾ?

ಸೋಮವಾರ ನಾನು ಟೀವಿಯವರ ಮುಂದೆ ನಿಲ್ಲಬೇಕಂತೆ. ತಂದೆಗೆ ವಯಸ್ಸಾಗಿದೆ, ನೆನಪು ಸರಿಯಿಲ್ಲ, ಟೀವಿಯಲ್ಲಿ ಕೇಳಿದ್ದನ್ನೂ ಕಲ್ಪಿಸಿಕೊಂಡಿದ್ದನ್ನೂ ಕಲಸಿಕೊಳ್ಳುತ್ತಾರೆ, ಎಂದು ಹೇಳಬೇಕಂತೆ. ಬೇರೆ ಯಾರು ಹೇಳಿದರೂ ಜನ ನಂಬುವುದಿಲ್ಲ, ಮಗಳೇ ಹೇಳಿದರೆ ನಂಬುತ್ತಾರೆ. ಆ ವಾಕ್ಯವನ್ನು ಬರೆದುಕೊಟ್ಟಿದ್ದೂ ನಾನೇ. ಅವರು ಬರೆದಿದ್ದು ಇನ್ನೂ ಕೆಟ್ಟದಾಗಿತ್ತು.

ಹೇಳದಿದ್ದರೆ ಮಂಗಳವಾರ ನನಗೆ ಕೆಲಸವಿಲ್ಲ. ಹೇಳಿದರೆ ನಿಮ್ಮ ಮುಖ ನೋಡುವ ಹಾಗಿಲ್ಲ. ಇದನ್ನು ನನ್ನ ಮೇಲೆ ತಂದವರು ನೀವು.

ಮಗಳು

*

ಜುಲೈ ೧೯

ಮಗಳಿಗೆ,

ಪೋಸ್ಟಿನವನು ತಡ ಮಾಡದಿರಲಿ ಅಂತ ನಾನೇ ಓಡಿ ಹೋಗಿ ಹಾಕುತ್ತೇನೆ.

ಆದದ್ದು ಇಷ್ಟು. ಒಬ್ಬ ಬಂದ, ಕನ್ನಡಕ, ನಯವಾದ ಮಾತು. ಕುರ್ಚಿಯಲ್ಲಿ ಕೂತ. ಸೋಪು ಹಚ್ಚಿದ ಮೇಲೆ ಯಾವ ಗಿರಾಕಿಯನ್ನೂ ನೀನು ಯಾರು, ಎಲ್ಲಿಂದ ಬಂದೆ ಅಂತ ಕೇಳಿದವನಲ್ಲ ನಾನು. ಕುರ್ಚಿಯಲ್ಲಿ ಕೂತರೆ ಎಲ್ಲವೂ ತಲೆಯೇ. "ಆ ಪೈಲಟ್ ಕಂಠಪೂರ್ತಿ ಕುಡಿದಿದ್ನಂತಲ್ಲ ಯಜಮಾನ್ರೇ" ಎಂದ. ಅಷ್ಟೇ ಸಾಕಾಯಿತು ನನಗೆ.

"ಯಾವನ್ರೀ ಹೇಳಿದ್ದು? ಪಾಪದ ಮನುಷ್ಯ ಬರಲ್ಲ ಅಂತ ರಜ ಕೇಳಿದ್ದ, ಇವರೇ ಎಳ್ಕೊಂಡು ಹೋಗಿ ಕೂರಿಸಿದ್ದು!" ಎಂದೆ. ಕಣ್ಣು ಮುಚ್ಚಿ ಕೂತಿದ್ದವನು ಕಣ್ಣು ಬಿಟ್ಟ. ಪತ್ರಿಕೆಯವನು ಅಂತ ಆಗಲೂ ನನಗೆ ಹೊಳೆಯಲಿಲ್ಲ. ಹೋಗುವಾಗ "ನಿಮ್ಮದೊಂದು ಫೋಟೋ ತಗೊಳ್ಳಾ?" ಎಂದ. ಅಂಗಡಿ ಇಷ್ಟವಾಯಿತೇನೋ ಅಂದುಕೊಂಡು ನಿಂತೆ. ನಿಮ್ಮಮ್ಮ ಅಂದಿನಿಂದ ನನಗೆ ಮುಖ ಕೊಟ್ಟು ಮಾತಾಡುತ್ತಿಲ್ಲ. ತಟ್ಟೆ ಇಡುವ ಸದ್ದಿನಲ್ಲೇ ಬೈಯುತ್ತಾಳೆ.

ಸೋಮವಾರದ ಮಾತು. ನನ್ನನ್ನು ಮರೆವಿನವನು ಅಂತೀಯೋ, ಹುಚ್ಚ ಅಂತೀಯೋ, ಅನ್ನು. ನನ್ನ ಗಿರಾಕಿಗಳು ನನ್ನ ತಲೆ ನೋಡಿಕೊಂಡು ಬರುವವರಲ್ಲ, ತಮ್ಮ ತಲೆ ತೋರಿಸಲು ಬರುವವರು. ಒಂದು ದಿನ ನಗುತ್ತಾರೆ, ಮರುದಿನ ಕೂದಲು ಬೆಳೆದಿರುತ್ತದೆ, ಬರುತ್ತಾರೆ.

ಆದರೆ ನೀನು 'ನಮ್ಮಪ್ಪ ಹುಚ್ಚ' ಅಂದಮೇಲೆ ಅಲ್ಲಿಗೇ ನಿಲ್ಲಲು ಬಿಡುತ್ತಾರಾ ಆ ಮೈಕಿನವರು? ಹಾಗಾದರೆ ಪೈಲಟ್ ರಜೆ ಕೇಳಿರಲಿಲ್ಲವೇ ಎಂದು ಕೇಳೇ ಕೇಳುತ್ತಾರೆ. ಆ ಎರಡನೇ ಮಾತು ನಿನ್ನ ಬಾಯಿಂದ ಹೇಗೆ ಬರುತ್ತದೆ ಎಂದು ನೋಡಬೇಕು ನನಗೆ. ಮೊದಲನೆಯದು ನನ್ನ ಲೆಕ್ಕ, ನಾನು ನುಂಗಿಕೊಳ್ಳುತ್ತೇನೆ. ಎರಡನೆಯದು ಆ ಕ್ಯಾಪ್ಟನ್ ಹೆಂಡತಿಯದು.

ಅಪ್ಪ

*

ಆಗಸ್ಟ್ ೯

ಮಗಳಿಗೆ,

ನೀನು ಬರೆಯುತ್ತೀಯ ಅಂತ ಕಾದೆ. ಬರೆಯಲಿಲ್ಲ. ನಾನೂ ಬರೆಯಬಾರದು ಅಂತಿದ್ದೆ. ಕೈ ಕೇಳಲಿಲ್ಲ.

ಆ ಸೋಮವಾರ ಅಂಗಡಿ ತುಂಬಾ ಜನ. ಯಾರಿಗೂ ಕ್ಷೌರ ಬೇಕಿರಲಿಲ್ಲ, ಬಂದು ಕೂತಿದ್ದರು. ನೀನು ಬಂದೆ. "ನನ್ನ ತಂದೆಯವರಿಗೆ ವಯೋಸಹಜವಾದ ಮರೆವಿದೆ" ಎಂದೆ. ಬಹಳ ಮೃದುವಾಗಿ, ಅಕ್ಕರೆಯಿಂದ ಹೇಳಿದೆ. ಬೈದಿದ್ದರೆ ವಾಸಿಯಿತ್ತು. ಆಮೇಲೆ ನಾನು ಕಾದಿದ್ದ ಪ್ರಶ್ನೆ ಕೇಳಿದರು. "ಅಂಥ ಕೋರಿಕೆಯ ದಾಖಲೆ ನಮ್ಮಲ್ಲಿ ಇಲ್ಲ" ಎಂದೆ. ಕೇಳಿರಲಿಲ್ಲ ಅನ್ನಲಿಲ್ಲ. ದಾಖಲೆ ಇಲ್ಲ ಅಂದೆ. ನಾನು ಗಮನಿಸಿದೆ. ಊರಿಗೆ ಎರಡೂ ಒಂದೇ.

ಪಂಕ್ಚರ್ ಎದ್ದು ಟೀವಿ ಆರಿಸಿದ. "ಯಜಮಾನ್ರೇ, ನಂಗೊಂದು ಕಟಿಂಗ್ ಮಾಡಿ" ಎಂದು ಬಂದು ಕೂತ. ಹಿಂದಿನ ವಾರವಷ್ಟೇ ಮಾಡಿಸಿಕೊಂಡಿದ್ದ. ಕತ್ತರಿಸಲು ಏನೂ ಇರಲಿಲ್ಲ. ಸುಮ್ಮನೆ ಕತ್ತರಿ ಆಡಿಸಿದೆ.

ಕಾಗದ ಬರೆಯಲು ಕಾರಣ ಅದಲ್ಲ. ಮೊನ್ನೆ ಆಕೆ ಬಂದಿದ್ದಳು. ಕ್ಯಾಪ್ಟನ್ ಹೆಂಡತಿ. ಪತ್ರಿಕೆ ನೋಡಿ ವಿಳಾಸ ಹುಡುಕಿಕೊಂಡು ಬಂದಿದ್ದಾಳೆ. ನನ್ನ ಅಂಗಡಿಗೆ ಹೆಂಗಸರು ಬರುವುದಿಲ್ಲ, ಬೆಂಚಿನವರೆಲ್ಲ ಎದ್ದು ಹೊರಗೆ ಹೋದರು. ಆಕೆ ನೆಲದ ಮೇಲಿನ ಕೂದಲು ತುಳಿಯದ ಹಾಗೆ ನಡೆದು ಬಂದು ಕೂತಳು.

"ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೊತ್ತಿಲ್ಲಮ್ಮ. ನಂಗೆ ಗೊತ್ತಿರೋದು ನನ್ನ ಮಗಳ ಮುಖ" ಎಂದೆ.

"ಮುಖ ಸಾಲಲ್ಲ ಯಜಮಾನ್ರೇ. ತನಿಖೆಯೋರಿಗೆ ಬಾಯಿ ಬೇಕು."

ಅವಳ ಮಗಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದ್ದಾಳಂತೆ. 'ನಿಮ್ಮಪ್ಪ ಅಷ್ಟು ಜನರನ್ನ ಸಾಯಿಸಿದ' ಅಂತ ಕ್ಲಾಸಿನಲ್ಲಿ ಅಂದರಂತೆ. ಮಕ್ಕಳಿಗೆ ಅದು ಯಾರು ಹೇಳಿಕೊಟ್ಟರು? ಅವರ ಮನೆಯ ಟೀವಿ. ಟೀವಿಗೆ ಯಾರು ಹೇಳಿಕೊಟ್ಟರು?

ನಿಮ್ಮಮ್ಮ ಒಳಗಿನಿಂದ ನೀರು ತಂದುಕೊಟ್ಟಳು. ಆಕೆ ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದು, "ನಿಮ್ಮ ಮಗಳು ಒಳ್ಳೆಯವಳ ಥರ ಕಾಣ್ತಾಳೆ" ಎಂದಳು. ನಾನು ಲೋಟ ಇಸಿದುಕೊಂಡು ಒಳಗಿಟ್ಟು ಬಂದೆ.

ನನಗೆ ಮರೆವು ಅಂದದ್ದಕ್ಕೆ ಸಿಟ್ಟಿಲ್ಲ. ಇದೆ, ಆದರೆ ಅದು ಬೇರೆ. ಈ ಹೆಂಗಸನ್ನು ನನ್ನ ಬೆಂಚಿನವರೆಗೆ ಅಲೆಸಿದೆಯಲ್ಲ, ಅದು ನನ್ನನ್ನು ತಿನ್ನುತ್ತಿದೆ.

ಅಪ್ಪ

*

ಸೆಪ್ಟೆಂಬರ್ ೨

ಅಪ್ಪನಿಗೆ,

ನಿಮ್ಮ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಬಹಳ ದಿನ ಓಡಾಡಿದೆ. 'ಒಳ್ಳೆಯವಳ ಥರ ಕಾಣ್ತಾಳೆ.' ಕಾಣುವುದೇ ನನ್ನ ಕೆಲಸವಾಗಿತ್ತು.

ಕ್ಯಾಪ್ಟನ್ ಮನೆಗೆ ಹೋಗಿದ್ದೆ. ಫೋನು ಮಾಡದೆ, ಯಾರಿಗೂ ಹೇಳದೆ. ಮೂರನೇ ಮಹಡಿ, ಬಾಗಿಲ ಹೊರಗೆ ಮಗುವಿನ ಸೈಕಲ್. ಆಕೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಕೂರಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನು ನಿಂತೇ ಹೇಳಿದೆ.

"ನಿಮ್ಮನೆಯೋರು ಹಿಂದಿನ ದಿನ ಸಂಜೆ ಆಫೀಸಿಗೆ ಫೋನ್ ಮಾಡಿದ್ರು. ಜ್ವರ ಇದೆ, ಕಿವಿ ಕಟ್ಟಿದೆ, ನಾಳೆ ಹಾರಿಸೋಕಾಗಲ್ಲ ಅಂದ್ರು. ಬೇರೆ ಯಾರೂ ಇಲ್ಲ, ಇದೊಂದು ಸಲ ಸುಧಾರಿಸಿ ಅಂದ್ರು ನಮ್ಮೋರು. ಡ್ಯೂಟಿ ಹಾಕೋ ಅಧಿಕಾರಿನೇ ಅಪಘಾತದ ದಿನ ನಮ್ಮೆಲ್ಲರ ಮುಂದೆ ಹೇಳಿದ್ರು. ಇದು ಈ ಕೋಣೆ ದಾಟಬಾರದು ಅಂತ ಮುಖ್ಯಸ್ಥರು ಅಂದ್ರು. ನಾನು ದಾಟಿಸಲಿಲ್ಲ."

ನಾನು ಮಾತಾಡುವಷ್ಟು ಹೊತ್ತೂ ಆಕೆ ಒಂದೇ ಟವೆಲನ್ನು ಮಡಚಿ ಬಿಚ್ಚಿ ಮಡಚುತ್ತಿದ್ದರು.

"ಬೆಳಿಗ್ಗೆ ನನ್ ಹತ್ರ ಕಿವಿ ಸರಿಹೋಯ್ತು ಅಂದ್ರು" ಎಂದರು. "ಹೋಗ್ಲೇಬೇಕು ಅಂತ ಆದ್ಮೇಲೆ ಇವಳಿಗ್ಯಾಕೆ ಚಿಂತೆ ಅಂತ ಹಾಗಂದಿರ್ಬೇಕು. ಅದನ್ನೇ ನಾನು ತಿಳ್ಕೋಬೇಕಿತ್ತು."

ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಹೇಳಿದರು, "ಈಗ ಹೋಗಿ. ಕೋಪಕ್ಕೆ ಹೇಳ್ತಿಲ್ಲ. ನಂಗೆ ಅಳಬೇಕು, ನಿಮ್ಮ ಮುಂದೆ ಅಳಲ್ಲ ನಾನು."

ಮೆಟ್ಟಿಲಿಳಿಯುವಾಗ ಬಾಗಿಲು ಹಾಕಿದ ಸದ್ದು ಕೇಳಿತು. ಅಲ್ಲಿಂದ ನೇರ ತನಿಖೆಯವರ ಕಚೇರಿಗೆ ಹೋಗಿ ಅದನ್ನೇ ಹೇಳಿದೆ. ಆ ಡ್ಯೂಟಿ ಅಧಿಕಾರಿ ಹೌದು ಅನ್ನುತ್ತಾರೋ ಇಲ್ಲವೋ ಗೊತ್ತಿಲ್ಲ. ಇಲ್ಲ ಅಂದರೆ ನನ್ನದು ಬರೀ ಬಾಯಿಮಾತು. ಕಂಪನಿಯವರು ಮರುದಿನವೇ ಗುರುತಿನ ಚೀಟಿ ವಾಪಸ್ ತೆಗೆದುಕೊಂಡರು.

ನಿಮ್ಮ ವಿಷಯದಲ್ಲಿ ನಾನು ಅಂದದ್ದನ್ನೂ ತನಿಖೆಯವರ ಮುಂದೆ ಹಿಂದಕ್ಕೆ ತೆಗೆದುಕೊಂಡೆ. ಅದು ಟೀವಿಯಲ್ಲಿ ಬರುವುದಿಲ್ಲ. ಬರುವ ಹಾಗೆ ಮಾಡುವುದು ಹೇಗೆಂದು ನನಗೆ ಗೊತ್ತಿದೆ, ಆದರೆ ಈಗ ಮೈಕು ಹಿಡಿಯುವವರು ಬೇರೆ.

ಮನೆಗೆ ಬರಲಾ ಎಂದು ಕೇಳಲು ಧೈರ್ಯವಿಲ್ಲ.

ಮಗಳು

*

ಸೆಪ್ಟೆಂಬರ್ ೧೧

ಮಗಳಿಗೆ,

ನಿನ್ನ ಜಾಗಕ್ಕೆ ಒಬ್ಬ ಹುಡುಗ ಬಂದಿದ್ದಾನೆ, ಟೀವಿಯಲ್ಲಿ ನೋಡಿದೆ. ಕ್ರಾಪು ಚೆನ್ನಾಗಿದೆ, ಯಾರು ಕತ್ತರಿಸಿದರೋ. 'ಮಾಜಿ ಉದ್ಯೋಗಿ ಕೆಲಸದ ಒತ್ತಡದಿಂದ ಮಾನಸಿಕವಾಗಿ ಬಳಲಿದ್ದರು, ಅವರ ಹೇಳಿಕೆಯನ್ನು ಆ ಹಿನ್ನೆಲೆಯಲ್ಲಿ ನೋಡಬೇಕು' ಎಂದ. ಅವನೂ ಅಕ್ಕರೆಯಿಂದಲೇ ಹೇಳಿದ.

"ಅಲ್ಲಿಗೆ ಅಪ್ಪಂಗೂ ತಲೆ ಕೆಟ್ಟಿದೆ, ಮಗಳಿಗೂ ಕೆಟ್ಟಿದೆ ಅಂತ ಟೀವಿಲೇ ಸಾಬೀತಾಯ್ತು" ಎಂದ ಪಂಕ್ಚರ್. "ಅಮ್ಮಾವ್ರೊಬ್ರೇ ಬಾಕಿ."

ನಿಮ್ಮಮ್ಮ ಒಳಗಿನಿಂದ ಕೇಳಿಸಿಕೊಂಡು, "ಇವರ ಜೊತೆ ಇಷ್ಟು ವರ್ಷ ಬಾಳಿದ್ಮೇಲೆ ನನ್ನದೇನು ಸರಿಯಿರುತ್ತಾ" ಎಂದಳು. ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋಯಿತು.

ಕ್ಯಾಪ್ಟನ್ ಹೆಂಡತಿ ಅಂಗಡಿಗೆ ಫೋನು ಮಾಡಿದ್ದಳು. ಆ ಡ್ಯೂಟಿಯವನನ್ನು ತನಿಖೆಯವರು ಮತ್ತೆ ಕರೆಸಿದ್ದಾರಂತೆ. ಏನು ಹೇಳಿದನೋ ಅವಳಿಗೂ ಗೊತ್ತಿಲ್ಲ. ನಿನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡಲಿಲ್ಲ, ನಾನೂ ನಿರೀಕ್ಷಿಸಲಿಲ್ಲ. ಆದರೆ ತನ್ನ ಮಗಳನ್ನು ಕೂರಿಸಿಕೊಂಡು, ಹಿಂದಿನ ಸಂಜೆ ಅವಳಪ್ಪ ಫೋನಿನಲ್ಲಿ ಏನು ಹೇಳಿದ್ದರು ಅಂತ ಹೇಳಿದಳಂತೆ. ಸೋಮವಾರ ಹುಡುಗಿ ತಾನಾಗಿಯೇ ಎದ್ದು ಶಾಲೆಗೆ ಹೋಯಿತಂತೆ.

ಧೈರ್ಯವಿಲ್ಲ ಅಂತ ಬರೆದಿದ್ದೀಯ. ಮನೆಗೆ ಬರಲು ಧೈರ್ಯ ಯಾಕೆ ಬೇಕು, ಬಸ್ಸು ಸಾಕು. ನಿಮ್ಮಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ, ಒಂದು ಸಲ ತೆಗೆದಿಟ್ಟು ಮತ್ತೆ ಹಾಕಿದ್ದಾಳೆ. ಕ್ಷಮೆ ಗಿಮೆ ಹೊತ್ತುಕೊಂಡು ಬರಬೇಡ, ಇಡಲು ಜಾಗವಿಲ್ಲ.

ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಹಾಗೇ ಇದೆ. ಪೋಸ್ಟಿನಲ್ಲಿ ಬೈದರೆ ಮುಟ್ಟುವಷ್ಟರಲ್ಲಿ ಆರಿಹೋಗಿರುತ್ತದೆ, ನನಗೆ ಅದರಲ್ಲಿ ತೃಪ್ತಿಯಿಲ್ಲ. ಎದುರಿಗೆ ಕೂರಿಸಿಕೊಂಡು ಬೈಯಬೇಕು.

ಬೇಗ ಬಾ.

ಅಪ್ಪ